‘ರಿಗರ್’ ಮತ್ತು ನಿನ್ನ ಕೊಳೆ ಮದ್ದಿನ ಲೇಖನ

ಪ್ರೀತಿಯ ತಂಗಿ,

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಕೊಳೆ ಮದ್ದಿನ ಬಗ್ಗೆ ನೀನು ಬರೆದ ಲೇಖನ ಶಿರಸಿಗೆ ಬಂದು ತಲುಪಿತು. ಓದಿದೆ, ಇಷ್ಟವಾಯಿತು. ಆದರೆ ಒಂದು ಸಾಲಿನಲ್ಲಿ ಎಡವಿದೆ: ‘ಮಳೆಗಾಲದ ಕಟ್ಟುನಿಟ್ಟುಗಳನ್ನು ಸಹಿಸಿ ಕೊನೆಗೌಡ ಮರ ಹತ್ತುತ್ತಾನೆ.’ ಅಡಿಕೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನೇನೋ ಸರಿ, ಮಳೆಗೆ ಎಂಥ ಕಟ್ಟುನಿಟ್ಟು ಮಾರಾಯ್ತಿ? ಎಲ್ಲೋ ಇಂಗ್ಲಿಷಿನಲ್ಲಿ ‘ರಿಗರ್ಸ್’ ಅಂತ ಓದಿದ್ದೀಯ, ನಿಘಂಟು ತೆಗೆದಿದ್ದೀಯ, ಮೊದಲು ಸಿಕ್ಕ ಅರ್ಥವನ್ನೇ ಎತ್ತಿ ಇಟ್ಟಿದ್ದೀಯ. ಅಲ್ವಾ?

ಆ ಪದದ ಬೇರು ಲ್ಯಾಟಿನ್. ಸೆಟೆದುಕೊಳ್ಳುವುದು ಅಂತ ಅರ್ಥ. ಹೆಣ ಸೆಟೆದುಕೊಳ್ಳುವುದಕ್ಕೆ ಡಾಕ್ಟರುಗಳು ‘ರಿಗರ್ ಮಾರ್ಟಿಸ್’ ಅನ್ನುವುದು ಅದಕ್ಕೇ. ಚಳಿಜ್ವರದ ನಡುಕಕ್ಕೂ ಅವರಲ್ಲಿ ಇದೇ ಹೆಸರು. ಇಂಗ್ಲಿಷಿನ ದಿನಬಳಕೆಯಲ್ಲಿ ಏಕವಚನದ ‘ರಿಗರ್’ ಅಂದರೆ ಹೆಚ್ಚಾಗಿ ಬಿಗಿ, ಶಿಸ್ತು, ಒಂದನ್ನೂ ಬಿಡದೆ ಪರೀಕ್ಷಿಸಿ ನೋಡುವ ಗುಣ. ಅದೇ ಬಹುವಚನವಾಗಿ, ಜೊತೆಗೆ ಚಳಿಗಾಲವೋ ಪ್ರಯಾಣವೋ ಜೈಲೋ ಬಂದರೆ ಕಷ್ಟ, ಬವಣೆ. ನಿನ್ನ ಸಾಲಿಗೆ ಬೇಕಿದ್ದದ್ದು ಈ ಎರಡನೆಯದು.

ಕೋರ್ಟಿನವರಿಗೆ ಈ ಗೊಂದಲ ಇಲ್ಲ. 1860ರ ಭಾರತೀಯ ದಂಡ ಸಂಹಿತೆ ‘ರಿಗರಸ್’ ಜೈಲು ಅಂದರೆ ಮೈಮುರಿದು ದುಡಿಸುವ ಶಿಕ್ಷೆ ಅಂತ ಬಿಡಿಸಿಯೇ ಹೇಳಿತ್ತು. ಕನ್ನಡದಲ್ಲಿ ಅದು ಕಠಿಣ ಸಜೆ, ಇನ್ನೊಂದು ಸಾದಾ ಸಜೆ. ಕಾರವಾರದ ಕಡೆ ಮರಾಠಿ ಪೇಪರ್ ಓದುವವರಿಗೆ ‘ಸಕ್ತಮಜುರಿ’. ನನಗೆ ಮರಾಠಿಯದೇ ಜಾಸ್ತಿ ಇಷ್ಟ, ಅದರಲ್ಲಿ ಮಜೂರಿ ಕಣ್ಣಿಗೆ ಕಾಣುತ್ತದೆ. ಹಾಗಂತ ಕಠಿಣ, ಕಠೋರಗಳನ್ನು ಸಿಕ್ಕಲ್ಲೆಲ್ಲ ಅಂಟಿಸಬೇಡ. ‘ಸಂಶೋಧನೆಯ ಕಠೋರತೆ’ ಅಂತ ಬರೆಯುವವರಿದ್ದಾರೆ. ಸಂಶೋಧನೆ ಬೆತ್ತ ಹಿಡಿದು ನಿಂತ ಹಾಗೆ ಕೇಳುತ್ತದೆ! ಅಲ್ಲಿ ‘ಶಿಸ್ತು’ ಸಾಕು.

ನನ್ನ ನಿಜವಾದ ತಕರಾರು ಬೇರೆ. ನಿನ್ನ ಲೇಖನದಲ್ಲಿ ಎರಡೂ ಅರ್ಥಗಳಿಗೆ ಸಾಮಾನು ಇದೆ, ಆದರೆ ಅಳತೆ ತಪ್ಪಿದೆ. ಜಾರುವ ಮರ, ರಕ್ತ ಹೀರುವ ಉಂಬಳ, ಮೈಗೆಲ್ಲ ಮೆತ್ತುವ ಬೋರ್ಡೋ ಮದ್ದು, ಇದಕ್ಕೆ ಎರಡು ಪುಟ ಕೊಟ್ಟಿದ್ದೀಯ. ಮದ್ದು ಕೂಡಿಸುವುದು ಅರ್ಧ ಸಾಲಿನಲ್ಲಿ ಮುಗಿದಿದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಬೇರೆ, ಸುಣ್ಣ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾರೆ. ಆಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿತೋ, ಸುಣ್ಣ ಸಾಲದು ಅಂತ ಲೆಕ್ಕ. ಇನ್ನಷ್ಟು ಹಾಕಿ ಮತ್ತೆ ಅದ್ದಬೇಕು. ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಮಳೆ ಯಾವಾಗ ಶುರುವಾಗುತ್ತದೋ ಅಂತ ಆಕಾಶ ನೋಡುತ್ತಾ, ಅಷ್ಟು ಅವಸರದಲ್ಲೂ ಕತ್ತಿ ಅದ್ದದೆ ಮದ್ದು ಹೊಡೆಯದವನ ಗುಣವೇ ಏಕವಚನದ ರಿಗರ್. ಓದುಗರಿಗೆ ಗೊತ್ತಿಲ್ಲದ್ದೂ ಅದೇ. ಅಲ್ಲಿ ನಿಧಾನಿಸು. ಬವಣೆಯನ್ನು ಅರ್ಧಕ್ಕೆ ಇಳಿಸು.

ಆ ಸಾಲನ್ನು ಸುಮ್ನೆ ಹೀಗೆ ಬರೆ: ‘ಮಳೆ ಬಿಟ್ಟು ಹೊಳವಾದದ್ದು ನೋಡಿ ಕೊನೆಗೌಡ ಮರ ಹತ್ತುತ್ತಾನೆ.’

ಹಾಂ, ನಿನ್ನ ಇಂಗ್ಲಿಷ್ ಟಿಪ್ಪಣಿಯಲ್ಲಿ ಈ ಪದ ಒಂದು ಕಡೆ ಬ್ರಿಟಿಷರ ಹಾಗೆ ‘ಯು’ ಸೇರಿಸಿಕೊಂಡಿದೆ, ಇನ್ನೊಂದು ಕಡೆ ಅಮೆರಿಕದವರ ಹಾಗೆ ಬಿಟ್ಟಿದೆ. ಯಾವುದಾದರೂ ಒಂದನ್ನು ಹಿಡಿ. ತಿದ್ದಿದ ಪ್ರತಿಯನ್ನು ದೀಪಾವಳಿ ವಿಶೇಷಾಂಕದ ಗಡುವಿಗೆ ಮೊದಲು ನನಗೊಮ್ಮೆ ಕಳಿಸು.

ಇಂತಿ,
ನಿನ್ನ ಅಣ್ಣ