ಗುಂಡಿ ಒತ್ತಿದರೆ ಗುದ್ದುವ ಕಾರು: ಗೆಳೆಯನಿಗೊಂದು ಪತ್ರ

ಪ್ರೊಫೆಸರ್ ಸಾಹೇಬರೇ,

ನೀನು ಕೇಳಿದ್ದು ಒಂದೇ ಮಾತು. "ಆ ಕೆಂಪು ಕಾರು ರೋಬಾಟ್ ತಗೋಬಹುದಾ?" ಹೂಂ ಅಥವಾ ಉಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ಸಾಲಿನಲ್ಲಿ ಉತ್ತರ ಕೊಡುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ವಲ್ಲ. ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ಹೆದರಬೇಡ, ಹಸಿರು ಹೆಲಿಕಾಪ್ಟರ್ ವಿಷಯ ಎತ್ತುವುದಿಲ್ಲ. ಎತ್ತಿದರೂ ನಿನ್ನ ಹೆಸರು ಹೇಳುವುದಿಲ್ಲ. ಮಡಚಿದರೆ ಕಾರು, ಬಿಚ್ಚಿದರೆ ರೋಬಾಟ್ ಆಗುವ ಈ ಆಟಿಕೆಯ ಕಂಪನಿ ಹೆಸರೂ ಬೇಡ, ಬೈಯುವುದು ಸ್ವಲ್ಪ ಇದೆ.

ಮೊದಲು ಕಾರು. ಕಾರಾಗಿ ಇದು ನಿಜಕ್ಕೂ ಚೆನ್ನಾಗಿದೆ. ಬಾನೆಟ್ಟಿನ ಗೆರೆಗಳು ಒಂದಕ್ಕೊಂದು ಕೂಡುತ್ತವೆ. ನಾಲ್ಕೂ ಚಕ್ರ ನೆಲಕ್ಕೆ ತಾಗುತ್ತವೆ. ಇದೂ ಒಂದು ದೊಡ್ಡ ವಿಷಯವಾ ಅಂತ ಉಳಿದವರು ಕೇಳಬಹುದು. ದೊಡ್ಡ ವಿಷಯವೇ. ರೋಬಾಟ್‌ನ ಮುಷ್ಟಿ ಕಾರಿನಡಿ ಜೋತುಬಿದ್ದು ನೆಲ ಕೆರೆಯುವ ಎಷ್ಟೋ ಆಟಿಕೆಗಳಿವೆ. ಇದು ತಳ್ಳಿದರೆ ಓಡುತ್ತದೆ. ಕಿಟಕಿಗೆ ನೀಲಿ ಪಾರದರ್ಶಕ ಪ್ಲಾಸ್ಟಿಕ್ ಹಾಕಿದ್ದಾರೆ. ನೋಡಲು ಚೆಂದ. ಆದರೆ ಚಾವಣಿ ಮಡಚುವ ಹಿಂಜನ್ನೂ ಅದರಲ್ಲೇ ಮಾಡಿದ್ದಾರೆ. ಆ ಪ್ಲಾಸ್ಟಿಕ್ ಬಾಗುವುದು ಕಡಿಮೆ, ಬಿರುಕು ಬಿಡುವುದು ಜಾಸ್ತಿ. ಅಲ್ಲಿ ನಿನ್ನ 'ಅಯ್ಯೋ ಬಿಡು' ಟೆಕ್ನಿಕ್ ದಯವಿಟ್ಟು ಬೇಡ.

ರೂಪ ಬದಲಿಸುವುದೂ ಖುಷಿಯ ಕೆಲಸ. ಡಿಕ್ಕಿಯನ್ನು ಎರಡಾಗಿಸಿ ಹಿಂದಕ್ಕೆ ಎಳೆದರೆ ಕಾಲು. ಬಾನೆಟ್ ಕೆಳಗೆ ಮಡಚಿದರೆ ಎದೆ, ಅದರಡಿಯಿಂದ ತಲೆ ಪಲ್ಟಿ ಹೊಡೆದು ಮೇಲೆ ಬರುತ್ತದೆ. ಬಾಗಿಲುಗಳು ಭುಜದ ಹಿಂದೆ ರೆಕ್ಕೆಯಾಗುತ್ತವೆ. ಚಾವಣಿ ಮೂರು ಮಡಿಕೆಯಾಗಿ ಬೆನ್ನಿಗೆ ಅಂಟುತ್ತದೆ. ಎಡ ಬಾಗಿಲಿನ ಒಳಗೊಂದು ಸಣ್ಣ ಗೂಟ ಇದೆ. ಚಾವಣಿ ಮುಚ್ಚುವ ಮೊದಲೇ ಅದನ್ನು ತೂತಿಗೆ ಕೂರಿಸಬೇಕು. ಮರೆತರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಕಂಪನಿ ಕೊಟ್ಟ ಚೀಟಿಯಲ್ಲಿ ಆ ಗೂಟದ ಸುಳಿವೇ ಇಲ್ಲ. ಹದಿನಾರು ಚಿತ್ರ ಬಿಡಿಸಿದ್ದಾರೆ, ಹದಿನಾರೂ ಬಲಗಡೆಯಿಂದ.

ಈಗ ಅಸಲಿ ವಿಷಯ, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ ಗಿಮಿಕ್. ಬೆನ್ನಲ್ಲೊಂದು ಗುಂಡಿ ಇದೆ. ಒತ್ತಿದರೆ ಖಟ್ ಅಂತ ಎದೆಯ ಎರಡು ಕದ ತೆರೆದುಕೊಳ್ಳುತ್ತವೆ. ಒಳಗೊಂದು ಗೇರ್ ಗರ್ರನೆ ಸುತ್ತುತ್ತದೆ. ಬಲಗೈ ಮುಷ್ಟಿ ಮುಂದಕ್ಕೆ ಚಿಮ್ಮುತ್ತದೆ. ಅಷ್ಟೇ. ಮತ್ತೆ ಗುದ್ದಬೇಕಾದರೆ ಕೈಯನ್ನು ಒಳಗೆ ತಳ್ಳಿ, ಕದ ಮುಚ್ಚಿ, ಮತ್ತೆ ಒತ್ತಬೇಕು.

ಈ ಗಿಮಿಕ್ ಹುಚ್ಚು ಹೊಸದಲ್ಲ. ನಿನಗೆ ಗೊತ್ತಿರುವ ಕಥೆಯೇ, ಉಳಿದವರಿಗಾಗಿ ಹೇಳುತ್ತೇನೆ, ಸುಮ್ನೆ ಕೂತಿರು. ಜಪಾನಿನ ಆಟಿಕೆ ಕಂಪನಿ ಟಕಾರಾ 1982ರಲ್ಲಿ ಡಯಾಕ್ಲೋನ್ ಸರಣಿಯಲ್ಲಿ ಕಾರ್ ರೋಬಾಟ್‌ಗಳನ್ನು ತಂದಾಗ ಕಾರಿನೊಳಗೆ ಒಬ್ಬ ಪುಟಾಣಿ ಡ್ರೈವರ್ ಕೂರುತ್ತಿದ್ದ, ಪಾದದಲ್ಲಿ ಅಯಸ್ಕಾಂತ ಇಟ್ಟುಕೊಂಡು. 1984ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಅವನ್ನು ಟ್ರಾನ್ಸ್‌ಫಾರ್ಮರ್ಸ್ ಅಂತ ಮಾರಾಟಕ್ಕಿಟ್ಟಾಗ ಡ್ರೈವರ್ ಹೋದ, ಅವನ ಸೀಟು ಉಳಿಯಿತು. ಆಮೇಲೆ ಶುರುವಾಯಿತು ನೋಡು. 1985ರ ಜಂಪ್‌ಸ್ಟಾರ್ಟರ್‌ಗಳನ್ನು ಹಿಂದಕ್ಕೆಳೆದು ಬಿಟ್ಟರೆ ಓಡುತ್ತ ಓಡುತ್ತಲೇ ನೆಗೆದು ರೋಬಾಟ್ ಆಗುತ್ತಿದ್ದವು. 1986ರಲ್ಲಿ ರನಬೌಟ್, ರನಮಕ್ ಬಂದವು. ಓಡುತ್ತಿರುವ ಕಾರು ತಾನೇ ಎದ್ದು ನಿಲ್ಲುತ್ತಿತ್ತು. 1988ರಲ್ಲಿ ಬಂದ ಕೆಲವು ಉರುಳಿಸಿದರೆ ಕಿಡಿ ಹಾರಿಸುತ್ತಿದ್ದವು. 2005ರಲ್ಲಿ ಬಂದ ಹಲವಕ್ಕೆ ಬೀಗದ ಕೈ ಕೊಟ್ಟರು. ತೂರಿಸಿದರೆ ಅಡಗಿಸಿಟ್ಟ ಆಯುಧ ಹೊರಗೆ ಬರುತ್ತಿತ್ತು. 2007ರಲ್ಲಿ ಒಂದು ಭಾಗ ಎಳೆದರೆ ಇನ್ನೊಂದು ತಾನೇ ತಿರುಗುವ ಆಟೋಮಾರ್ಫ್ ಬಂತು.

ಇವೆಲ್ಲ ಮಜಾ ಕೊಟ್ಟಿವೆ, ಇಲ್ಲ ಅನ್ನಲ್ಲ. ಆದರೆ ಸ್ಪ್ರಿಂಗಿಗೂ ಗೇರಿಗೂ ಕೂರಲು ಜಾಗ ಬೇಕು. ಅಂಗೈಯಲ್ಲಿ ಹಿಡಿಯುವ ಮೈಯಲ್ಲಿ ಎಷ್ಟು ಜಾಗ ಇದ್ದೀತು? ಅದಕ್ಕೇ ತಾನಾಗಿ ಎದ್ದು ನಿಲ್ಲುವ ಆ ಕಾರುಗಳು ನಿಂತ ಮೇಲೆ ಹೆಚ್ಚೇನೂ ಮಾಡುತ್ತಿರಲಿಲ್ಲ. 1990ರ ಆಕ್ಷನ್ ಮಾಸ್ಟರ್ಸ್ ಇದಕ್ಕೆ ತದ್ವಿರುದ್ಧ. ಕೈಕಾಲು ಚೆನ್ನಾಗಿ ಆಡಬೇಕು ಅಂತ ರೂಪ ಬದಲಿಸುವುದನ್ನೇ ಕೈಬಿಟ್ಟರು. ಟ್ರಾನ್ಸ್‌ಫಾರ್ಮರ್ಸ್ ಹೆಸರಿಟ್ಟುಕೊಂಡು ರೂಪವೇ ಬದಲಾಗದ ರೋಬಾಟ್! ನಗಬೇಡ, ಅವರ ಲೆಕ್ಕ ಸರಿಯಾಗಿಯೇ ಇತ್ತು.

ನಮ್ಮ ಕೆಂಪು ಕಾರಿನ ಲೆಕ್ಕ ನೋಡಬೇಕು ಅಂತ ಬೆನ್ನಿನ ಸ್ಕ್ರೂ ಬಿಚ್ಚಿದೆ. ಕುತ್ತಿಗೆಯಿಂದ ಸೊಂಟದವರೆಗೂ ಒಂದೇ ಸ್ಪ್ರಿಂಗ್ ಮಲಗಿದೆ. ಅದರ ಪಕ್ಕ ಗೇರು, ಗೇರಿಗೆ ಅಡ್ಡವಾಗಿ ಉಗುರಿನಷ್ಟು ಒಂದು ಪ್ಲಾಸ್ಟಿಕ್ ಕೊಕ್ಕೆ. ಗುಂಡಿ ಒತ್ತಿದಾಗ ಆ ಕೊಕ್ಕೆ ಜಾರುತ್ತದೆ, ಉಳಿದದ್ದೆಲ್ಲ ಸ್ಪ್ರಿಂಗಿನ ಕೆಲಸ. ಬೇರೆ ಯಾವುದಕ್ಕೂ ಜಾಗವೇ ಇಲ್ಲ. ಹಾಗಾಗಿ ಸೊಂಟ ತಿರುಗುವುದಿಲ್ಲ. ಗುದ್ದುವ ಕಡ್ಡಿ ತೋಳಿನೊಳಗೇ ಹಾದುಹೋಗಿರುವುದರಿಂದ ಬಲ ಮೊಣಕೈ ಮಡಚುವುದಿಲ್ಲ. ತಲೆ ಎಡಬಲ ಆಡುತ್ತದೆ, ಮೇಲೆ ನೋಡಲು ಆಗದು. ಎಡಗೈ ಒಂದಕ್ಕೆ ಒಳ್ಳೆಯ ಬಾಲ್ ಜಾಯಿಂಟ್ ಇದೆ. ಆದರೆ ಒಂಟಿ ಎಡಗೈ ಎಷ್ಟು ಪೋಸು ಕೊಟ್ಟೀತು ಪಾಪ.

ವಿಮರ್ಶೆ ಇಲ್ಲಿಗೆ ನಿಲ್ಲಬೇಕಿತ್ತು.

ಆದರೆ ಬಿಚ್ಚಿದ ಆ ಬೆನ್ನನ್ನು ಕೈಯಲ್ಲಿ ಹಿಡಿದು ಕೂತಾಗ ಮೊನ್ನೆಯ ಸಂಜೆ ನೆನಪಾಯಿತು. ಎಲ್ಲ ಸೇರಿದ್ದೆವಲ್ಲ. ಯಾರೋ ಏನೋ ಅಂದರು, ಒಂದು ಗಳಿಗೆ ಎಲ್ಲರೂ ತಣ್ಣಗಾದರು. ಆಮೇಲೆ ಅಷ್ಟೂ ಜನ ನನ್ನ ಕಡೆ ತಿರುಗಿದರು. ನಾನು ಹೆಡ್‌ಮಾಸ್ಟರ್ ದನಿ ತೆಗೆದೆ. ಬಿದ್ದು ಬಿದ್ದು ನಕ್ಕಿರಿ. ಅಲ್ಲಿಯವರೆಗೆ ಸರಿ. ವಾಪಸ್ ಬರುವಾಗ ನೀನು ಮೆಲ್ಲಗೆ ಕೇಳಿದೆ, "ನಿಜವಾಗ್ಲೂ ಹೇಗಿದ್ದೀಯ?" ಅಂತ. ಉತ್ತರ ಬಂದಿದ್ದೂ ಹೆಡ್‌ಮಾಸ್ಟರ್ ದನಿಯಲ್ಲೇ. ನೀನು ನಕ್ಕೆ. ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ ಕಣೋ. ಬಾಯಿ ತೆರೆದೆ, ಅದೇ ಮುಷ್ಟಿ ಹೊರಗೆ ಬಂತು.

ಇನ್ನೊಂದು ಹೇಳಲಾ? ನಾನು ಹೊರಡುವ ಮುಂಚೆ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡುತ್ತೇನೆ. ಇದು ನಿನಗೂ ಗೊತ್ತಿರಲಿಲ್ಲ. ಎಲ್ಲರೂ "ಇವನಿಗೆ ಹಾಗೇ ಬರುತ್ತೆ" ಅಂತಾರಲ್ಲ, ಹಾಗೇ ಬರುವುದಿಲ್ಲ. ಕೈ ಒಳಗೆ ತಳ್ಳಿ, ಕದ ಮುಚ್ಚಿ, ಸಿದ್ಧ ಮಾಡಿಕೊಂಡೇ ಬರುತ್ತೇನೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನೋಡಲು ಬಂದವರನ್ನೆಲ್ಲ ನಗಿಸಿ ಕಳಿಸಿದವನು ನಾನೇ. ಎಂಥಾ ಗಟ್ಟಿ ಹುಡುಗ ಅಂದರಂತೆ. ಗಟ್ಟಿ ಹೌದು. ಸೊಂಟ ತಿರುಗಲಿಲ್ಲ, ಅಷ್ಟೇ. ಅಮ್ಮ ಕೈ ಹಿಡಿದುಕೊಂಡಾಗಲೂ ಯಾವ ಜೋಕು ಹೇಳಲಿ ಅಂತಲೇ ಯೋಚಿಸುತ್ತಿದ್ದೆ.

ಈ ಸಾಲು ಅಳಿಸಬೇಕು ಅಂದುಕೊಂಡೆ. ಇರಲಿ ಬಿಡು. ಹೇಗೂ ನಮ್ಮ ಗುಂಪಿನವರು ಎರಡನೇ ಪ್ಯಾರಾ ದಾಟಿರುವುದಿಲ್ಲ.

ಸರಿ, ಆಟಿಕೆ ನೋಡಲು ಬಂದವರು ಗಾಬರಿಯಾಗಬೇಡಿ. ಬೆನ್ನನ್ನು ಮತ್ತೆ ಮುಚ್ಚಿದ್ದೇನೆ. ಒಂದು ಸ್ಕ್ರೂ ಹೊರಗೇ ಉಳಿದುಬಿಟ್ಟಿದೆ. ಪ್ರೊಫೆಸರ್, ನೀನು ಈಗ ಏನು ಹೇಳುತ್ತೀಯ ಅಂತ ಗೊತ್ತು. ಸ್ಕ್ರೂ ಲೂಸ್ ಜೋಕನ್ನು ನಾನೇ ಮೊದಲು ಹೊಡೆದಿದ್ದೇನೆ ಅಂತ ದಾಖಲಾಗಲಿ.

ತೀರ್ಪು ಬೇಕಲ್ವಾ? ಕಾರಾಗಿ ಕಪಾಟಿನಲ್ಲಿಡುವುದಾದರೆ ಕಣ್ಣುಮುಚ್ಚಿ ತಗೋ. ರೋಬಾಟ್ ಆಗಿ ಪೋಸು ಕೊಡಿಸುವ ಆಸೆ ಇದ್ದರೆ ಬೇಡ, ಗಿಮಿಕ್ ಇಲ್ಲದ್ದನ್ನು ನೋಡು. ಗಿಮಿಕ್ ದಂಡ ಅಂತ ಇಷ್ಟುದ್ದ ಬರೆದವನು ಬೆಳಗಿನಿಂದ ಆ ಗುಂಡಿ ಒತ್ತುತ್ತಲೇ ಕೂತಿದ್ದಾನೆ, ಅದನ್ನೂ ಗಮನದಲ್ಲಿಟ್ಟುಕೋ. ತಗೊಂಡರೆ ಒಂದು ಎಚ್ಚರ. ಕೈ ಒಳಗೆ ತಳ್ಳಿ, ಸ್ಪ್ರಿಂಗ್ ಬಿಗಿಮಾಡಿಟ್ಟು ತಿಂಗಳುಗಟ್ಟಲೆ ಇಡಬೇಡ. ಯಾವಾಗಲೂ ಭಾರ ಹೊತ್ತ ಆ ಸಣ್ಣ ಕೊಕ್ಕೆ ನಿಧಾನವಾಗಿ ಬಾಗುತ್ತದೆ. ಆಮೇಲೆ ಯಾರೂ ಮುಟ್ಟದೆಯೇ ಗುದ್ದಲು ಶುರುಮಾಡುತ್ತದೆ.

ಕೆಂಪು ಬೇಡ, ನೀಲಿ ತಗೋ. ಬರುವಾಗ ಕೈಯಲ್ಲೇ ಹಿಡಿದು ಬಾ, ಎದುರುಬದುರು ನಿಲ್ಲಿಸಿ ಗುದ್ದಾಡಿಸೋಣ. ನನ್ನದೇ ಮೊದಲು ಬೀಳುತ್ತದೆ. ಬೆನ್ನ ಮೇಲೆ ಇಡೀ ಚಾವಣಿ ಹೊತ್ತಿದೆ, ಹಿಮ್ಮಡಿ ನೋಡಿದರೆ ಚೋಟುದ್ದ. ತಾನು ಗುದ್ದಿದ ರಭಸಕ್ಕೆ ತಾನೇ ಹಿಂದಕ್ಕೆ ಬೀಳುತ್ತದೆ. ಹಿಡಿದುಕೊಳ್ಳಲು ಒಂದು ಕೈ ಹಿಂದೆ ಇಟ್ಟಿರಬಹುದು, ಆಟದ ರೂಲ್ಸಿನಲ್ಲಿ ಸೇರಿಸಿದ್ದೇನೆ.

ಇಂತಿ ನಿನ್ನ,
ಮಿಮಿಕ್ರಿ ಮಂಡಳಿಯ ಅಧ್ಯಕ್ಷ, ಕಾರ್ಯದರ್ಶಿ ಮತ್ತು ಏಕೈಕ ಸದಸ್ಯ