ಮೊದಲು ಲ್ಯಾಂಪ್ ಬದಲಿಸಿ, ಆಮೇಲೆ ಪ್ರೇಕ್ಷಕರನ್ನು ಬೈಯಿರಿ

ಮಾನ್ಯ ಸಂಪಾದಕರೆ,

‘ಡಿಸ್ಟೋಪಿಯಾ ಚಿತ್ರ ಅರ್ಥವಾಗದೆ ಪ್ರೇಕ್ಷಕರ ಗಲಾಟೆ’ ಎಂಬ ಮಂಗಳವಾರದ ನಿಮ್ಮ ವರದಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡಿಸ್ಟೋಪಿಯಾ ಎಂದರೆ ಕೆಟ್ಟುಹೋದ ನಾಳೆಯ ಲೋಕದ ಕಥೆ. ಬಸ್ ನಿಲ್ದಾಣದ ಹಿಂದಿನ ಆ ಟಾಕೀಸಿನಲ್ಲಿ ಭಾನುವಾರ ಫಸ್ಟ್ ಶೋಗೆ ಕೂತವರಿಗೆ ಚಿತ್ರ ಕಂಡೇ ಇಲ್ಲ, ಇನ್ನು ಅರ್ಥವಾಗುವುದೆಲ್ಲಿ! ‘ಚಿತ್ರವೇ ಡಾರ್ಕು, ಡೈರೆಕ್ಟರ್ ಹಾಗೇ ತೆಗೆದಿದ್ದಾರೆ’ ಎಂದು ಮ್ಯಾನೇಜರರು ಹೇಳಿದರು, ನಿಮ್ಮ ವರದಿಗಾರರು ಬರೆದುಕೊಂಡರು. ಪ್ರೊಜೆಕ್ಟರ್ ಕ್ಯಾಬಿನ್ನಿನ ಮೆಟ್ಟಿಲು ಹತ್ತಿದ್ದರೆ ಬೇರೆ ಸುದ್ದಿ ಸಿಗುತ್ತಿತ್ತು.

ಪರದೆಯ ಬೆಳಕಿಗೂ ಒಂದು ಲೆಕ್ಕವಿದೆ ಸ್ವಾಮಿ. ಪೂರ್ತಿ ಬಿಳಿ ಹಾಕಿದಾಗ ನಡುಭಾಗದ ಹೊಳಪು, ಅದನ್ನು ಅಳೆಯುವ ಮಾನದಲ್ಲಿ 14 ಫುಟ್ ಲ್ಯಾಂಬರ್ಟ್, ಅಂದರೆ ಚದರ ಮೀಟರಿಗೆ 48 ಕ್ಯಾಂಡೆಲಾ ಇರಬೇಕು. ಚಿತ್ರದ ಬಣ್ಣ, ಬೆಳಕು ತಿದ್ದುವ ಕಲರಿಸ್ಟ್‌ಗಳು ಇದೇ ಅಳತೆಯ ಪರದೆ ಎದುರು ಕೂತು ‘ನೆರಳು ಇಷ್ಟಿರಲಿ’ ಎಂದು ಹದ ಮಾಡುತ್ತಾರೆ. ಅರ್ಧ ಬೆಳಕಿನಲ್ಲೂ ಕಾಮಿಡಿ, ಮದುವೆ ಮನೆ ಹಾಡು ಹೇಗೋ ದಾಟಿಹೋಗುತ್ತವೆ. ಡಿಸ್ಟೋಪಿಯಾ ದಾಟುವುದಿಲ್ಲ, ಯಾಕೆಂದರೆ ಅಲ್ಲಿ ಅರ್ಧ ಕಥೆ ಇರುವುದು ಪಾತ್ರಗಳ ಹಿಂದಿನ ಗೋಡೆಯ ಮೇಲೆ. 2006ರ ‘ಚಿಲ್ಡ್ರನ್ ಆಫ್ ಮೆನ್’ ತೆಗೆದುಕೊಳ್ಳಿ. 2027ರ ಇಂಗ್ಲೆಂಡು, 18 ವರ್ಷದಿಂದ ಎಲ್ಲೂ ಮಗು ಹುಟ್ಟಿಲ್ಲ. ನಿಲ್ದಾಣದಲ್ಲಿ ನಿರಾಶ್ರಿತರನ್ನು ಪಂಜರಕ್ಕೆ ತುಂಬಿದ್ದಾರೆ, ಗೋಡೆಯಲ್ಲಿ ಸರ್ಕಾರಿ ಪ್ರಚಾರ, ಮೂಲೆಯಲ್ಲಿ ಹಳೇ ಪತ್ರಿಕೆಯ ತುಣುಕು. ಯಾರೂ ಬೆರಳಿಟ್ಟು ತೋರಿಸುವುದಿಲ್ಲ, ನಾಯಕ ಪಕ್ಕದಲ್ಲೇ ನಡೆದುಹೋಗುತ್ತಾನೆ. ಕಟ್ಟೇ ಇಲ್ಲದ ಉದ್ದುದ್ದ ಶಾಟುಗಳು, ಕ್ಲೋಸಪ್ಪಿನ ಆಸರೆಯೂ ಇಲ್ಲ. ಆ ನೆರಳು ನುಂಗಿಹೋದರೆ ಉಳಿಯುವುದು ಸುಮ್ಮನೆ ಓಡುತ್ತಿರುವ ಒಬ್ಬ ಮನುಷ್ಯ. ‘ಬ್ಲೇಡ್ ರನ್ನರ್ 2049’ರಲ್ಲಿ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಲಾಸ್ ವೇಗಸ್ಸಿಗೆ ಕವಿಸಿದ ಕಿತ್ತಳೆ ಮಬ್ಬು ಈ ಟಾಕೀಸಿಗೆ ಬಂದರೆ ಕಾಫಿ ಚೆಲ್ಲಿದ ಪಂಚೆ! ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಕೂಡ ಡಿಸ್ಟೋಪಿಯಾವೇ, ಆದರೆ ಬಹುಪಾಲು ನಡೆಯುವುದು ಉರಿಬಿಸಿಲಿನ ಮರಳುಗಾಡಿನಲ್ಲಿ, ಹಾಗಾಗಿ ಮ್ಯಾನೇಜರರ ಡಾರ್ಕ್ ಸಿದ್ಧಾಂತವೂ ಪೊಳ್ಳು. 2024ರಲ್ಲಿ ‘ಕಲ್ಕಿ 2898 ಎ.ಡಿ.’, ‘ಯುಐ’ ಎರಡನ್ನೂ ನೋಡಿದ ಊರಿಗೆ ಡಿಸ್ಟೋಪಿಯಾ ಅರ್ಥವಾಗುವುದಿಲ್ಲವಂತೆ.

ಪ್ರೊಜೆಕ್ಟರಿಗೆ ಬೆಳಕು ಕೊಡುವ ಝೆನಾನ್ ಲ್ಯಾಂಪಿಗೆ ಗಂಟೆ ಲೆಕ್ಕದ ಆಯಸ್ಸು. ಹಳತಾದಂತೆ ಬಲ್ಬಿನ ಒಳಮೈ ಕಪ್ಪಾಗುತ್ತದೆ, ಕಿಡಿ ತುಯ್ದಾಡಿ ಪರದೆ ಮಿಣುಕುತ್ತದೆ. ಭಾನುವಾರ ಮಿಣುಕಿದ್ದು ‘ಎಫೆಕ್ಟು’ ಅಲ್ಲ, ಅದೇ. ಲ್ಯಾಂಪ್ ಉಳಿಸಲು ಕರೆಂಟ್ ತೀರಾ ಇಳಿಸಿದರೆ ಕಿಡಿ ಹಾರಿಸುವ ಎಲೆಕ್ಟ್ರೋಡ್ ಸವೆದು ಇನ್ನೂ ಬೇಗ ಹೋಗುತ್ತದೆ. ಗಡುವು ಮೀರಿ ಓಡಿಸಿದರೆ ಸಿಡಿದು ಒಳಗಿನ ಕನ್ನಡಿಯನ್ನೂ ಒಡೆಯಬಹುದು, ಉಳಿಸಿದ ದುಡ್ಡು ಅಲ್ಲಿಗೆ. ಸಾಲದ್ದಕ್ಕೆ ತ್ರೀಡಿ ಚಿತ್ರ ಎತ್ತಿದ ಮೇಲೂ ಲೆನ್ಸಿನ ಮುಂದಿನ ಪೋಲರೈಸರ್, ಅಂದರೆ ತ್ರೀಡಿಗೆ ಮಾತ್ರ ಬೇಕಾದ ಬೆಳಕು ಸೋಸುವ ಫಿಲ್ಟರ್, ತೆಗೆದಿಲ್ಲ. ಇರುವ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದೇ ತಿನ್ನುತ್ತದೆ. ಅದನ್ನು ಪಕ್ಕಕ್ಕೆ ಸರಿಸಲು ಒಂದು ನಿಮಿಷ, ಕ್ಯಾಬಿನ್ ಕಿಟಕಿಯ ಗಾಜು ಒರೆಸಲು ಇನ್ನೊಂದು. ಶಬ್ದ ಏರಿಳಿಸುವ ಸೌಂಡ್ ಫೇಡರ್ 7ರಲ್ಲಿರಬೇಕಾದದ್ದು 4ಕ್ಕೆ ಇಳಿದಿತ್ತು, ಪಿಸುಮಾತೆಲ್ಲ ಫ್ಯಾನಿನ ಪಾಲು. ಸಬ್‌ಟೈಟಲಿನ ಎರಡನೇ ಸಾಲು ಪರದೆಯ ಕೆಳಗೆ, ಬಹುಶಃ ಸಮೋಸಾ ಪ್ಲೇಟುಗಳ ಜತೆ ಬಿದ್ದಿರಬೇಕು. ಎ.ಸಿ. ಇಂಟರ್‌ವಲ್ಲಿಗೇ ನಿಂತಿತು. ಪಾರ್ಕಿಂಗಿಗೆ ಮಾತ್ರ 30 ರೂಪಾಯಿ ಎಣಿಸಿಕೊಂಡರು, ಆ ಕತ್ತಲಲ್ಲೂ ಚಿಲ್ಲರೆ ತಪ್ಪಲಿಲ್ಲ.

ಲೈಸೆನ್ಸ್ ಕೊಡುವುದು ಜಿಲ್ಲಾಧಿಕಾರಿಗಳು. ತಪಾಸಣೆಗೆ ಬರುವವರು ಮರಳಿನ ಬಕೆಟ್, ವೈರಿಂಗ್, ಹೊರಬಾಗಿಲು ನೋಡುತ್ತಾರೆ. ನೋಡಲಿ, ಬೇಕಾದದ್ದೇ. ಬೆಳಕಿನ ಮೀಟರ್ ಹಿಡಿದು ಬಂದವರನ್ನು ಈ ಊರು ಕಂಡಿಲ್ಲ. ಟಿಕೆಟ್ಟಿಗೆ 200 ರೂಪಾಯಿ ಮಿತಿ ಎಂದು 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಯಮ ತಿದ್ದಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ದರಕ್ಕೆ ಇಷ್ಟೆಲ್ಲ ಗುದ್ದಾಟ, ಆ ದರಕ್ಕೆ ಪರದೆಯ ಮೇಲೆ ಏನಾದರೂ ಕಾಣಬೇಕಲ್ಲವೆ? ಟಾಕೀಸಿನ ಮುಂದೆ ಯುಜಿಡಿಗೆಂದು (ಒಳಚರಂಡಿಗೆಂದು) ಅಗೆದ ಗುಂಡಿ ಎರಡು ಮಳೆಗಾಲ ಕಂಡಿದೆ, ಬೀದಿದೀಪವಿಲ್ಲ. ನಗರಸಭೆಯವರಿಗೆ ಕೊಟ್ಟ ಅರ್ಜಿಗಳನ್ನು ಜೋಡಿಸಿದರೆ ಗುಂಡಿಯೇ ಮುಚ್ಚುತ್ತಿತ್ತು.

ಟಾಕೀಸಿನವರು ಲ್ಯಾಂಪ್ ಬದಲಿಸಲಿ, ಇಲ್ಲವೇ ಟಿಕೆಟ್ ಮೇಲೆ ‘ಶಬ್ದ ಮಾತ್ರ’ ಎಂದು ಮುದ್ರಿಸಿ ಅರ್ಧ ದರ ಪಡೆಯಲಿ. ಜಿಲ್ಲಾಧಿಕಾರಿಗಳೋ ನಗರಸಭೆಯೋ, ಯಾರಿಗೆ ಸೇರಿದ್ದೋ ಅವರು ಗಮನಿಸಲಿ. ಗುಂಡಿಯನ್ನೂ. ವರದಿಗಾರರಿಗೆ ತಾವು ಒಂದು ಟಾರ್ಚ್ ಕೊಡಿಸಿ.

ನೊಂದ ಪ್ರೇಕ್ಷಕ