ಮೊದಲ ಲಸಿಕೆ ಆಯಿತು, ಕೊನೆಯದು?

ಮಾನ್ಯರೇ,

ಮೊದಲ ಲಸಿಕೆ ಹಾಕಿಸಿಕೊಂಡ ಎಷ್ಟೋ ಕೂಸುಗಳು ಕೊನೆಯ ಲಸಿಕೆಯವರೆಗೆ ಬರುವುದೇ ಇಲ್ಲ. ಮೂಲ ಲಸಿಕೆ ಪೂರ್ತಿಯಾಯಿತು ಎನ್ನಬೇಕಾದರೆ ಕ್ಷಯ ತಡೆಯುವ ಬಿಸಿಜಿ 1 ಸಲ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ 3 ಸಲ, ಪೋಲಿಯೊ 3 ಸಲ, ದಡಾರದ್ದು 1 ಸಲ ಸಿಗಬೇಕು. ದಡಾರದ್ದಕ್ಕೆ ಸಾಮಾನ್ಯವಾಗಿ 9 ತಿಂಗಳು ತುಂಬಬೇಕು. ಅಷ್ಟರಲ್ಲಿ ಕಾರ್ಡ್ ಎಲ್ಲೋ ಕಳೆದಿರುತ್ತದೆ, ತಾಯಿ ಮತ್ತೆ ಕೆಲಸಕ್ಕೆ ಹೊರಟಿರುತ್ತಾಳೆ.

ಅವಳನ್ನೇ ದೂರುವುದು ಸರಿಯಲ್ಲ. ಬಸುರಿಯಾಗಿದ್ದಾಗ ತಪಾಸಣೆಗೆ ಹೋದವರು, ಆಸ್ಪತ್ರೆಯಲ್ಲಿ ಹೆರಿಗೆಯಾದವರು, ಓದು ಬಲ್ಲವರು ಲಸಿಕೆ ಪೂರ್ತಿ ಹಾಕಿಸುವುದು ಜಾಸ್ತಿ. ಅಂದರೆ ಯಾರಾದರೂ ತಿಳಿಸಿ ಹೇಳಿದರೆ ಜನ ಬರುತ್ತಾರೆ. ಆದರೆ ಲಸಿಕೆ ಕೇಂದ್ರ ದೂರವಿದ್ದು, ಒಂದು ದಿನದ ಕೂಲಿಯೂ ಹೋಗುವುದಾದರೆ ಕಷ್ಟವೇ. ಡಿಪಿಟಿ ಹಾಕಿಸಿದ ರಾತ್ರಿ ಮಗುವಿಗೆ ಮೈ ಬಿಸಿಯಾದರೆ ಮನೆಯವರು ಹೆದರುತ್ತಾರೆ. ಒಂದೆರಡು ದಿನದಲ್ಲಿ ಸಾಮಾನ್ಯವಾಗಿ ಇಳಿಯುವ ಜ್ವರ ಅದು ಎಂದು ಮೊದಲೇ ಹೇಳಿದ್ದರೆ ಎರಡನೇ ಸಲವೂ ಬರುತ್ತಿದ್ದರು, ಅಲ್ವಾ?

ಲಸಿಕೆ ಕೊಡುವವರು ಕಾರ್ಡಿನಲ್ಲಿ ತಾರೀಕು ಬರೆದು ಸುಮ್ನೆ ಕಳಿಸದೆ ಎರಡು ನಿಮಿಷ ಕೂರಿಸಿ ಮಾತಾಡಲಿ. ತಪ್ಪಿಸಿಕೊಂಡವರಿಗೆ ಫೋನ್ ಮಾಡಲಿ. ಸಂಜೆ, ರಜಾದಿನಗಳಲ್ಲೂ ಲಸಿಕೆ ಸಿಗುವಂತಾಗಲಿ. ಆಗ ತಂದೆಯೂ ಮಗುವನ್ನು ಎತ್ತಿಕೊಂಡು ಬರಬಹುದು.

– ಒಬ್ಬ ಓದುಗ